ಜೇನು ಎದ್ದ ದಿನದ ಹಾಜರಿ

ವಿಶಾಖಪಟ್ಟಣದಲ್ಲಿ ಹಡಗಿನಿಂದ ಇಳಿದು ದಡದ ಕೆಲಸಕ್ಕೆ ಬಂದ ಮೇಲೆ ನನ್ನ ಪಾಲಿಗೆ ಬಿದ್ದದ್ದು ನೌಕಾನೆಲೆಯ ಗುಡ್ಡದ ಬೇಲಿ. ಅದರ ಎರಡೂ ಬದಿಗೆ ಕಾಡಾಗಿ ಬೆಳೆದ ಲಾಂಟಾನ ಪೊದೆಗಳನ್ನು ಎಂಟು ಜನ ನಾವಿಕರಿಂದ ಕಡಿಸಬೇಕಿತ್ತು. ಹದಿನೆಂಟು ವರ್ಷ ಸಮುದ್ರದಲ್ಲಿ ಕಳೆದವನಿಗೆ ಕಾಡು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ.

ಕಾಡು ಗೊತ್ತಿದ್ದವನು ದಿನಗೂಲಿಗೆ ಬರುತ್ತಿದ್ದ ಒಬ್ಬ ತೆಲುಗು ಮುದುಕ. ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದೆವು. ಕತ್ತಿ ಬೀಸುವ ಮುಂಚೆ ಪೊದೆಗೆ ಕೋಲಿನಿಂದ ಬಡಿದು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಮೊದಲ ವಾರದಲ್ಲೇ ಎರಡು ಕೇರೆ, ಒಂದು ಕೊಳಕುಮಂಡಲ ಹೊರಬಂದವು. ಕೊಳಕುಮಂಡಲ ಕುಕ್ಕರಿನ ಹಾಗೆ ಬುಸುಗುಟ್ಟಿತು. ನಮ್ಮವರು ಕಲ್ಲೆತ್ತಿಕೊಂಡರು. ತಾತ ಕೈ ಅಡ್ಡ ಹಿಡಿದು, "ದಾರಿ ಬಿಡಿ, ಅದರ ಪಾಡಿಗೆ ಅದು ಹೋಗುತ್ತೆ" ಎಂದು ತೆಲುಗಿನಲ್ಲಿ ಗದರಿದ. ಹೋಯಿತು. ಕೆಲಸ ತಡವಾಗುತ್ತಿದೆ ಎಂಬ ಕಿರಿಕಿರಿ ಬಿಟ್ಟರೆ ನನಗೆ ಬೇರೇನೂ ಅನಿಸಲಿಲ್ಲ.

ಜೇನು ಎದ್ದದ್ದು ಒಂದು ಬೆಳಿಗ್ಗೆ, ಹತ್ತರ ಸುಮಾರಿಗೆ. ಯಾರದೋ ಕತ್ತಿ ಗೋಣಿಮರದ ಕೊಂಬೆಗೆ ತಗುಲಿತು. ಅಲ್ಲಿ ಹೆಜ್ಜೇನು ಕಟ್ಟಿತ್ತು. "ಓಡಿ, ನಿಲ್ಲಬೇಡಿ" ಎಂದು ತಾತ ಕೂಗಿದ. ಎಲ್ಲರೂ ದಿಕ್ಕಾಪಾಲಾದರು. ಹಡಗಿನಲ್ಲಿ ಏನೇ ಅನಾಹುತವಾಗಲಿ, ನಾವು ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತೇವೆ. ನನ್ನ ಕೈ ತಾನಾಗಿಯೇ ಕೊರಳಿನ ಸೀಟಿಗೆ ಹೋಯಿತು; ಊದಿದೆ. ಓಡುತ್ತಿದ್ದವರು ಪಾಪ, ವಾಪಸ್ ಬಂದು ಸಾಲು ಕಟ್ಟಿದರು; ಮುಖದ ಮೇಲೆ ಜೇನು ಕೂತಿದ್ದರೂ ಒಂದು, ಎರಡು, ಮೂರು ಎಂದು ಕೂಗಿದರು. ಎಂಟು ಆದ ಮೇಲೆ ನಾವು ಬಂದ ವ್ಯಾನಿನ ಕಡೆ ಓಡಿಸಿದೆ. ಗಾಜು ಏರಿಸಿಕೊಂಡು, ಕಚೇರಿಗೆ ಫೋನ್ ಮಾಡಿ "ಎಲ್ಲರೂ ಇದ್ದೇವೆ" ಎಂದು ವರದಿ ಕೊಟ್ಟೆ. ಬೀಗುತ್ತಲೇ ಕೊಟ್ಟೆ.

ಇಪ್ಪತ್ತು ನಿಮಿಷದ ಮೇಲೆ, ಕತ್ತಿನಿಂದ ಜೇನಿನ ಮುಳ್ಳು ಕೀಳುತ್ತಿದ್ದವನೊಬ್ಬ, "ಸಾರ್, ಇದಕ್ಕೆ ಸುಣ್ಣ ಹಚ್ಚೋದಾ ಏನು, ತಾತನ್ನ ಕೇಳಿ" ಎಂದ. ವ್ಯಾನಿನಲ್ಲಿ ತಾತ ಇರಲಿಲ್ಲ. ದಿನಗೂಲಿಯವನಾದ್ದರಿಂದ ನನ್ನ ಹಾಜರಿ ಪಟ್ಟಿಯಲ್ಲಿ ಅವನಿರಲಿಲ್ಲ, ಎಣಿಸುವಾಗ ನೆನಪೂ ಆಗಿರಲಿಲ್ಲ.

ಟಾರ್ಪಾಲು ಹೊದ್ದು ನಾನೂ ಇನ್ನೊಬ್ಬನೂ ವಾಪಸ್ ಹೋದೆವು. ಮಂಡಿನೋವಿನ ಮುದುಕ ಓಡಲಾಗದೆ, ಟವೆಲ್ಲು ತಲೆಗೆ ಸುತ್ತಿಕೊಂಡು ಪೊದೆಯ ಬುಡದಲ್ಲಿ ಬೋರಲು ಬಿದ್ದಿದ್ದ. ಬೆನ್ನೆಲ್ಲ ಜೇನಿನ ಮುಳ್ಳು. ಉಸಿರಾಡಲು ಒದ್ದಾಡುತ್ತಿದ್ದ. ಆಸ್ಪತ್ರೆಯಲ್ಲಿ ಎರಡು ದಿನ ಏನೂ ಹೇಳಲಾಗದು ಎಂದರು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಮೂರನೆಯ ದಿನ ತಾತ ಮಾತಾಡಿದ. ಗಾಜುವಾಕದಿಂದ ಬಂದ ಅವನ ಮಗಳು ಮಂಚದ ಪಕ್ಕದಲ್ಲಿದ್ದಳು. "ಸಾರ್, ನಾನ್ನ ಹಿಂದೆ ಉಳಿದದ್ದು ನಿಮಗೆ ಯಾವಾಗ ಗೊತ್ತಾಯ್ತು?" ಎಂದು ಕೇಳಿದಳು. ನಾನ್ನ ಎಂದರೆ ಅಪ್ಪ.

"ಕೂಡಲೇ ಗೊತ್ತಾಯ್ತಮ್ಮ" ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು.

ತಾತ ಊದಿದ ರೆಪ್ಪೆಗಳ ಸಂದಿಯಿಂದ ನನ್ನನ್ನೇ ನೋಡಿದ. ಬಿದ್ದಲ್ಲಿಂದ ಅವನಿಗೆ ನಮ್ಮ ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿಸಿರಲೇಬೇಕು. ಆಮೇಲೆ ಮಗಳ ಕಡೆ ತಿರುಗಿ, "ಹೌದಮ್ಮ, ಸಾರ್ ಕೂಡಲೇ ಬಂದರು" ಎಂದ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆಕೆ ಎದ್ದು ನಿಂತು ನನಗೆ ಕೈ ಮುಗಿದಳು.