ಹಿತ್ತಾಳೆಯ ಗಿಯರು

ಅವರ ಬಲಗೈ ಕಿರುಬೆರಳಿನ ಉಗುರಿನ ಅಂಚಿನಲ್ಲಿ ಯಾವಾಗಲೂ ಗ್ರೀಸಿನ ಕಪ್ಪು ಗೆರೆ ಇರುತ್ತಿತ್ತು. ಗಿಯರಿನ ಹಲ್ಲುಗಳ ಮೇಲೆ ಆ ಉಗುರನ್ನು ಮೆಲ್ಲಗೆ ಎಳೆಯುತ್ತಿದ್ದರು. ಉಗುರು ಸಿಕ್ಕಿಕೊಂಡರೆ ಗಿಯರು ಇನ್ನೂ ಓಡುತ್ತದೆ, ಜಾರಿದರೆ ಸವೆದಿದೆ. ಶುಕ್ರವಾರ ಜುಮಾ ನಮಾಜಿಗೆ ಹೋಗುವ ಮೊದಲು ಉಗುರು ಕತ್ತರಿಸುವುದು ಅವರ ಕ್ರಮ. ಹಾಗಾಗಿ ಶನಿವಾರ ಗಿಯರು ಹಿಡಿದು ಹೋದವರಿಗೆ ಸಿಗುತ್ತಿದ್ದ ಉತ್ತರ ಒಂದೇ: "ಉಗುರು ಬರ್ಲಿ, ಬುಧವಾರ ಬನ್ನಿ."

ವಾಮದಪದವಿನಲ್ಲಿ ಅವರದು ಮಿಕ್ಸಿ, ಆಟಿಕೆಗಳ ರಿಪೇರಿ ಅಂಗಡಿ. ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದೆವು. ದುಬೈಯ ಆಟಿಕೆ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ರಿಮೋಟ್ ಕಾರುಗಳನ್ನು ಬಿಚ್ಚಿ ಜೋಡಿಸಿ, ತೊಂಬತ್ತರ ದಶಕದ ಕೊನೆಗೆ ಊರಿಗೆ ಬಂದವರು. ಬರುವಾಗ ತಮಗೆಂದು ತಂದದ್ದು ಒಂದು ಕೆಂಪು ರಿಮೋಟ್ ಕಾರು. ಭಾನುವಾರ ಸಂಜೆ ಕೊಯ್ಲು ಮುಗಿದ ಗದ್ದೆಯಲ್ಲಿ ಲುಂಗಿ ಎತ್ತಿಕಟ್ಟಿ ಅದನ್ನು ಓಡಿಸುತ್ತಿದ್ದರು. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನಗುವವರಿಗೆ, "ನೀವು ಇಸ್ಪೀಟು ಆಡುವುದಿಲ್ವಾ?" ಎನ್ನುತ್ತಿದ್ದರು.

ನಾನು ಸಿದ್ಧಕಟ್ಟೆಯಲ್ಲಿ ವಿಜ್ಞಾನದ ಅಧ್ಯಾಪಕ. ಒಮ್ಮೆ ನನ್ನ ಮಗಳು ಕಾಲು ಮುರಿದುಕೊಂಡು ಮೂರು ತಿಂಗಳು ಜಗಲಿಯಲ್ಲೇ ಇದ್ದಳು. ಭಾವ ಗಲ್ಫಿನಿಂದ ತಂದುಕೊಟ್ಟ ರಿಮೋಟ್ ಕಾರಿನಿಂದಲೇ ಅವಳ ಹೊತ್ತು ಹೋಗುತ್ತಿತ್ತು. ಗೇಟಿನ ಬಳಿ ಬಿದ್ದ ಪೇಪರನ್ನು ಅದರಿಂದ ದೂಡಿಸಿಕೊಂಡು ತರಿಸುವುದು ಅವಳ ದಿನದ ದೊಡ್ಡ ಕೆಲಸ. ಅಂಗಳದ ಕೆಂಪು ಮಣ್ಣಿಗೆ ಕಾರಿನ ನೈಲಾನ್ ಗಿಯರು ಎರಡು ವಾರಕ್ಕೊಮ್ಮೆ ಸವೆಯುತ್ತಿತ್ತು, ಕಾಕ ಬದಲಿಸಿ ಕೊಡುತ್ತಿದ್ದರು. ನನಗೋ ತಾಳ್ಮೆ ಕಡಿಮೆ, ಓದಿದ ಜಂಬ ಬೇರೆ. ಹಿತ್ತಾಳೆಯದನ್ನೇ ಮಾಡಿಸಿಬಿಡುತ್ತೇನೆ ಎಂದೆ.

"ಬೇಡ ಮಾಷ್ಟ್ರೇ. ಚಕ್ರಕ್ಕೆ ಕಲ್ಲು ಸಿಕ್ಕಿದ್ರೆ ನೈಲಾನ್ ಹಲ್ಲು ಮುರೀತದೆ, ಮೋಟಾರು ಉಳೀತದೆ. ಹಿತ್ತಾಳೆ ಬಿಟ್ಟುಕೊಡುವುದಿಲ್ಲ."

ನಾನು ಮೂಡುಬಿದಿರೆಯ ಲೇತ್ ಅಂಗಡಿಯಲ್ಲಿ ಮಾಡಿಸಿ ಹಾಕಿಯೇಬಿಟ್ಟೆ. ನಾಲ್ಕನೆಯ ದಿನ ಚಕ್ರಕ್ಕೆ ಜಲ್ಲಿಕಲ್ಲು ಸಿಕ್ಕಿಕೊಂಡಿತು. ಗಿಯರಿಗೆ ಏನೂ ಆಗಲಿಲ್ಲ, ಮೋಟಾರು ಹೊಗೆಯಾಡಿ ಸುಟ್ಟುಹೋಯಿತು. ಅಂಥ ಮೋಟಾರು ಬಂಟ್ವಾಳದಲ್ಲೂ ಇಲ್ಲ, ಬೆಳ್ತಂಗಡಿಯಲ್ಲೂ ಇಲ್ಲ. ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಕಾರನ್ನು ಕಾಕನ ಮುಂದಿಟ್ಟು ತಲೆ ತಗ್ಗಿಸಿ ನಿಂತೆ. ಅವರು ಹಿತ್ತಾಳೆಯ ಹಲ್ಲುಗಳ ಮೇಲೆ ಉಗುರು ಎಳೆದು, "ಕೆಲಸ ಚಂದ ಉಂಟು" ಎಂದರು, ಅಷ್ಟೆ. ಆಮೇಲೆ ಕಪಾಟಿನಿಂದ ತಮ್ಮ ಕೆಂಪು ಕಾರು ಇಳಿಸಿ, ಅದರ ಮೋಟಾರು ಬಿಚ್ಚಿ ಮಗಳ ಕಾರಿಗೆ ಕೂರಿಸಿದರು. ಜೊತೆಗೆ ಹೊಸ ನೈಲಾನ್ ಗಿಯರು.

"ನಿಮ್ಮ ಕಾರು?" ಎಂದೆ.

"ನನಗೆ ಕಾಲು ಉಂಟಲ್ಲ ಮಾರಾಯ್ರೆ."

ಮತ್ತೆ ಗದ್ದೆಯಲ್ಲಿ ಆ ಕೆಂಪು ಕಾರು ಕಾಣಲಿಲ್ಲ. ನನಗೆ ಭಾನುವಾರ ಆ ದಾರಿಯಲ್ಲಿ ಹೋಗಲು ನಾಚಿಕೆಯಾಗುತ್ತಿತ್ತು.

ಕೆಲವು ವರ್ಷಗಳ ನಂತರ ಕಾಕ ತೀರಿಕೊಂಡರು. ಅವರ ಮನೆಯಂಗಳದಲ್ಲಿ ಕುಳಿತಿದ್ದಾಗ ಪಕ್ಕದಲ್ಲಿದ್ದ ಅವರ ಗಿರಾಕಿಯೊಬ್ಬರು ಹೇಳಿದರು: "ಎಂಥ ಕೈ ಅವರದ್ದು! ಆದ್ರೂ ಒಮ್ಮೆ ಹಿತ್ತಾಳೆ ಗಿಯರ್ ಹಾಕಿ ಸ್ವಂತ ಕಾರಿನ ಮೋಟಾರೇ ಸುಟ್ಟುಕೊಂಡಿದ್ರಂತೆ. ಗಟ್ಟಿ ಗಿಯರ್ ಬೇಕು ಅಂತ ಬಂದವರಿಗೆಲ್ಲ ಅವರೇ ಹೇಳ್ತಿದ್ರು."

ನಾನು ಹೌದೆಂದು ತಲೆಯಾಡಿಸಿದೆ. ಅಷ್ಟು ಜನರ ನಡುವೆ, ಸುಟ್ಟವನು ನಾನು ಎನ್ನಲು ಬಾಯಿ ಬರಲಿಲ್ಲ. ಅದನ್ನು ಹೇಳುವುದಕ್ಕೇ ಇಷ್ಟು ಬರೆದೆ.