ಕೆಂಪು ಕಾರಿನ ಎಡಬದಿ

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಜೀಪು ಗುಜರಿಗೆ ಹಾಕುವ ಸ್ಥಿತಿಗೆ ಬಂದಿತ್ತು. ಯಜಮಾನರು ಬೆಳಿಗ್ಗೆ ಬಣಕಲ್‌ನ ತೋಟ ನೋಡಿಕೊಂಡು ದಿನಾ ಮೂಡಿಗೆರೆಯ ಕಾಲೇಜಿಗೆ ಪಾಠಕ್ಕೆ ಹೋಗಬೇಕು. ದೊಡ್ಡ, ಗಟ್ಟಿ ಗಾಡಿಯೇ ಇರಲಿ ಎಂದು ನಾನು ಹೇಳುತ್ತಿದ್ದೆ. ಅವರ ಮನಸ್ಸೆಲ್ಲ ಚಿಕ್ಕ, ಚುರುಕು ಕಾರಿನ ಮೇಲಿತ್ತು.

ಆಲ್ದೂರಿನ ಸ್ನೇಹಿತರೊಬ್ಬರು ಅಂಥದೊಂದು ಕೆಂಪು ಕಾರನ್ನು ಮಾರುವವರಿದ್ದರು. ಓಡಿಸಿ ನೋಡಲು ಹೋದೆವು. ಸ್ನೇಹಿತರು ಹಿಂದೆ ಕೂತರು, ನಾನು ಯಜಮಾನರ ಪಕ್ಕದಲ್ಲಿ. ತಿರುವಿನಲ್ಲೂ ಕಾರು ರಸ್ತೆಗೆ ಅಂಟಿಕೊಂಡೇ ಓಡುತ್ತಿತ್ತು. ಮದುವೆಯ ಹೊಸತರಲ್ಲಿ ನಗುತ್ತಿದ್ದ ಹಾಗೆ ಅವರು ನಗುತ್ತಿದ್ದರು. ಇದೇ ಆಗಲಿ ಬಿಡಿ ಎಂದು ನಾನೂ ಹೇಳುವುದರಲ್ಲಿದ್ದೆ.

ಆಗ ತೋಟದ ಕೆಲಸ ಮುಗಿಸಿದ ಹೆಂಗಸರು ಎಡ ಅಂಚಿನಲ್ಲಿ ನಡೆದು ಬರುತ್ತಿರುವುದು ಕಂಡಿತು. ಒಳ್ಳೆಯ ಬಿಸಿಲು, ಅಡ್ಡ ಏನೂ ಇರಲಿಲ್ಲ. ಕಾರು ಮಾತ್ರ ನಿಧಾನವಾಗದೆ ಅವರತ್ತಲೇ ಸರಿಯಿತು. ನಾನು ಕೈ ಚಾಚಿ ಸ್ಟೇರಿಂಗನ್ನು ಬಲಕ್ಕೆ ತಳ್ಳಿದೆ. ಒಬ್ಬಾಕೆಯ ಬುಟ್ಟಿ ಕನ್ನಡಿಗೆ ತಾಗಿ ಹಾರಿತು.

ಕಾರು ನಿಲ್ಲಿಸಿದ ಯಜಮಾನರು, "ಯಾಕೆ ಹಿಡ್ದೆ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಹೆಂಗಸ್ರು ಬರ್ತಿದ್ರಲ್ಲ, ನೋಡ್ಲಿಲ್ವಾ ನೀವು?"

"ಎಲ್ಲಿ?"

ಆಗ ಒಂದೊಂದೇ ನೆನಪಾಯಿತು. ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಅವರ ಎಡ ಭುಜ ಬಡಿಯುತ್ತಿತ್ತು, ಎಡಕ್ಕಿಟ್ಟ ಲೋಟ ಕೈತಾಗಿ ಉರುಳುತ್ತಿತ್ತು. ಗಡಿಬಿಡಿ ಮನುಷ್ಯ ಎಂದುಕೊಂಡಿದ್ದೆ.

ಸ್ನೇಹಿತರು ಇಳಿದು ಬುಟ್ಟಿ ಎತ್ತಿಕೊಟ್ಟು, ಬೈಯುತ್ತಿದ್ದ ಹೆಂಗಸರನ್ನು ಸಮಾಧಾನ ಮಾಡಿ ಬಂದರು. "ಕಾರಿನ ಮಾತು ಆಮೇಲೆ ಮಾರಾಯ," ಎಂದರು. "ಮೊದ್ಲು ಕಣ್ಣು ತೋರ್ಸು."

ಕಣ್ಣಿನೊಳಗೆ ಒತ್ತಡ ಏರಿ ದೃಷ್ಟಿಯ ಅಂಚು ಸತ್ತಿದೆ ಎಂದರು ಚಿಕ್ಕಮಗಳೂರಿನ ಡಾಕ್ಟರು. ಹೋದದ್ದು ಬರುವುದಿಲ್ಲ, ದಿನಾ ಕಣ್ಣಿಗೆ ಔಷಧಿ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು. 'ಬಹುದು' ಎನ್ನುವಾಗ ಅವರು ನನ್ನ ಮುಖ ನೋಡಿದರು. ವಾಪಸು ಬಸ್ಸಿನಲ್ಲಿ ಬಂದೆವು. ಮೂಡಿಗೆರೆ ದಾಟಿದ ಮೇಲೆ ಯಜಮಾನರು, "ಆ ಕಾರೇ ತಗೊಳ್ಳಣ. ನೀನು ಕಲಿ," ಎಂದರು.

ಹೆದರಿಕೊಂಡೇ ಕಲಿತೆ. ದಿನಾ ಅವರನ್ನು ಕಾಲೇಜಿಗೆ ಬಿಟ್ಟು ಬರತೊಡಗಿದೆ. ಅವರು ಪಕ್ಕದಲ್ಲಿ ಕೂತು, ಇಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಿಸಲು ಹೇಳುತ್ತಿದ್ದರು. ನೇರ ರಸ್ತೆ ಬಂದರೆ ಸ್ವಲ್ಪ ಜೋರು ಬಿಡು ಎನ್ನುತ್ತಿದ್ದರು, ಬಿಡುತ್ತಿದ್ದೆ.

ಕೆಲವು ವರ್ಷ ಹಾಗೇ ನಡೆಯಿತು. ಒಂದು ದಿನ ಕಾಲೇಜಿನಿಂದ ಬರುವಾಗ, "ಲೈಟ್ ಹಾಕು, ಕತ್ತಲಾಯ್ತು," ಎಂದರು.

ಮಧ್ಯಾಹ್ನದ ಬಿಸಿಲು ರಸ್ತೆ ತುಂಬ ಹರಡಿತ್ತು. ನಾನು ಲೈಟ್ ಹಾಕಿದೆ.