ಕಾವ್ಯಳ ಬೆನ್ನ ಹಿಂದಿನ ಸೀಟು

ಆ ಕಾಲದಲ್ಲಿ ನಮ್ಮೂರ ಕೆರೆಗೆ ಬೆಳಿಗ್ಗೆ ಒಂದು ವಾಸನೆ, ಮಧ್ಯಾಹ್ನ ಇನ್ನೊಂದು ವಾಸನೆ. ಬೆಳಿಗ್ಗೆ ಜೊಂಡಿನದು, ಒದ್ದೆ ಮಣ್ಣಿನದು. ಬಿಸಿಲೇರಿದ ಮೇಲೆ ಮೋರಿಯದು. ವರ್ತೂರು, ಕುಂದಲಹಳ್ಳಿ ಕಡೆ ಬೆಳೆದವರಿಗೆ ಆ ವರ್ಷಗಳು ನೆನಪಿರಬೇಕು. ಒಂದು ಕಡೆ ಗಾಜಿನ ಕಟ್ಟಡ ಏಳುತ್ತಿತ್ತು, ಅದರ ಕಾಂಪೌಂಡಿಗೆ ತಾಗಿಕೊಂಡೇ ಅವರೆ ಹೊಲ ಇರುತ್ತಿತ್ತು. ಚಳಿಗಾಲದಲ್ಲಿ ಅವರೆಕಾಯಿ ಬಿಡಿಸಿ ಬಿಡಿಸಿ ನಮ್ಮ ಬೆರಳೆಲ್ಲ ಅಂಟಂಟು. ಸ್ಕೂಲಿನಲ್ಲಿ ಪೆನ್ನು ಹಿಡಿದರೆ ಪೆನ್ನಿಗೂ ಸೊಗಡು ಹತ್ತುತ್ತಿತ್ತು. ಅಂಥದೊಂದು ಚಳಿಗಾಲದಲ್ಲಿ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ನಾನು ದೋಣಿಯಲ್ಲಿ ಹುಟ್ಟು ಹಾಕುವುದನ್ನು ಕಲಿತೆ. ಒಬ್ಬಳನ್ನು ಮನಸಾರೆ ದ್ವೇಷಿಸುವುದನ್ನೂ ಆಗಲೇ ಕಲಿತೆ.

ಕೆರೆಯ ಆಚೆ ದಡದಲ್ಲಿ ಸರ್ಕಾರಿ ಕಾರ್ಖಾನೆಯೊಂದರ ಕಾಲೊನಿ ಇತ್ತು. ಅವರ ಕ್ಲಬ್ಬಿನ ತಗಡಿನ ಶೆಡ್ಡಿನಲ್ಲಿ ಒಂದು ಉದ್ದನೆಯ, ಸಣಕಲು ದೋಣಿ. ಅದರಲ್ಲಿ ನಾಲ್ಕು ಜನ ಒಬ್ಬರ ಹಿಂದೊಬ್ಬರು, ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಒಬ್ಬೊಬ್ಬರಿಗೆ ಒಂದೊಂದೇ ಹುಟ್ಟು. ಕೂರುವ ಹಲಗೆಯ ಕೆಳಗೆ ಚಕ್ರ. ಕಾಲು ಚಾಚಿ ಒತ್ತಿದರೆ ಹಲಗೆ ಹಿಂದಕ್ಕೆ ಜಾರುತ್ತದೆ, ಮಂಡಿ ಮಡಿಸಿದರೆ ಮುಂದಕ್ಕೆ ಬರುತ್ತದೆ. ಕಾಲೊನಿಯ ಹುಡುಗಿಯರ ತಂಡದಲ್ಲಿ ಇಬ್ಬರು ಟ್ಯೂಷನ್ ಅಂತ ಬಿಟ್ಟುಹೋಗಿ ಬರೀ ಇಬ್ಬರು ಉಳಿದಿದ್ದರು. ಅವರ ಕೋಚ್ ಶೈಲಾ ಮೇಡಂ ಹುಡುಕಿಕೊಂಡು ನಮ್ಮ ಸರ್ಕಾರಿ ಶಾಲೆಗೆ ಬಂದ ದಿನ ನಾನೂ ಲಕ್ಷ್ಮಿಯೂ ಹಗ್ಗಜಗ್ಗಾಟದಲ್ಲಿ ಎದುರಿನವರನ್ನು ಮಣ್ಣಿಗೆ ಕೆಡವುತ್ತಿದ್ದೆವು. ಲಕ್ಷ್ಮಿ ನಮ್ಮ ದೊಡ್ಡಪ್ಪನ ಮಗಳು, ನನ್ನದೇ ಕ್ಲಾಸು.

ನಮ್ಮದು ಕೂಡುಕುಟುಂಬ. ಕೆರೆ ನೀರಿನಲ್ಲಿ ದಂಟು, ಕೊತ್ತಂಬರಿ ಬೆಳೆದು ಮಾರುತ್ತಿದ್ದೆವು. ಮೇಡಂ ಮನೆಗೆ ಬಂದು ಕೇಳಿದಾಗ ದೊಡ್ಡಪ್ಪ ಕೂತಲ್ಲಿಂದ ಏಳಲಿಲ್ಲ.

"ಅವರ ಕಕ್ಕಸ್ಸಿನ ನೀರು ನಮ್ ಕೆರೆಗ್ ಬರ್ತದೆ. ಈಗ ನಮ್ ಮಕ್ಳೂ ಬೇಕಾಯ್ತಾ ಅವ್ರಿಗೆ?"

"ರಾಜ್ಯದ ಪಂದ್ಯದಲ್ಲಿ ಗೆದ್ರೆ ನಾಲ್ಕು ಜನಕ್ಕೂ ದೊಡ್ಡ ಕ್ಯಾಂಪು ಸಿಗುತ್ತೆ. ಅಲ್ಲಿಂದ ರಾಜ್ಯದ ತಂಡಕ್ಕೆ ಸೇರಬಹುದು," ಅಂದರು ಮೇಡಂ.

"ಓಗ್ಲಿ ಬಿಡೋ, ಈಜೋಕಂತೂ ಬರ್ತದೆ," ಅಂತ ಅಜ್ಜಿ ಒಳಗಿಂದ ಹೇಳಿತು. ಅಜ್ಜಿ ಹೇಳಿದ ಮೇಲೆ ಮುಗಿಯಿತು. ಆದರೆ ದೊಡ್ಡಪ್ಪ ಹೂಂ ಅನ್ನಲೇ ಇಲ್ಲ.

ಕಾಲೊನಿಯ ಇಬ್ಬರಲ್ಲಿ ಸಿಂಧು ಮೆತ್ತನೆಯವಳು. ಇನ್ನೊಬ್ಬಳು ಕಾವ್ಯ. ಅವಳದು ಲಯ ಕೊಡುವ ಸೀಟು. ಅವಳು ಹೇಗೆ ಹಾಕುತ್ತಾಳೋ ಉಳಿದ ಮೂವರೂ ಹಾಗೇ ಹಾಕಬೇಕು. ನನ್ನನ್ನು ಕೂರಿಸಿದ್ದು ಸರಿಯಾಗಿ ಅವಳ ಬೆನ್ನ ಹಿಂದೆ, ದೋಣಿಯ ಮೂತಿಯಿಂದ ಎಣಿಸಿದರೆ ಮೂರನೇ ಸೀಟಿನಲ್ಲಿ. ಮೊದಲ ದಿನವೇ ನಾನು ಬಾವಿಯಿಂದ ನೀರು ಸೇದುವ ಹಾಗೆ ತೋಳಿನ ಬಲದಲ್ಲಿ ಎಳೆದೆ. ಹುಟ್ಟು ನೀರಿನೊಳಗೆ ಸಿಕ್ಕಿಕೊಂಡು ಹಿಡಿ ತಿರುಗಿ ನನ್ನ ಹೊಟ್ಟೆಗೇ ಗುದ್ದಿತು. ದೋಣಿ ಮಗುಚಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು.

ಕಾವ್ಯ ತಿರುಗಿ ನೋಡಿದಳು. "ಏಯ್, ಇದು ಕಳೆ ಕೀಳೋ ಕೆಲಸ ಅಲ್ಲ ಕಣೇ."

ಎಳೆದ ಮೇಲೆ ಮತ್ತೆ ಮುಂದಕ್ಕೆ ಜಾರಿ ಬರಬೇಕಲ್ಲ, ಅಲ್ಲಿ ನಾನು ಅವಸರ ಮಾಡುತ್ತಿದ್ದೆ. ಅವಳು ಇನ್ನೂ ಹಿಂದಕ್ಕೆ ಬಾಗಿರುವಾಗಲೇ ನಾನು ಮುಂದೆ ಬಂದುಬಿಡುತ್ತಿದ್ದೆ. ನನ್ನ ಬೆರಳಿನ ಗೆಣ್ಣು ಅವಳ ಬೆನ್ನೆಲುಬಿಗೆ ಬಡಿಯುತ್ತಿತ್ತು. ಒಂದು ಸಲ, ಎರಡು ಸಲ, ದಿನವಿಡೀ. ದಡಕ್ಕೆ ಬಂದ ಮೇಲೆ ಅವಳು ಟೀಶರ್ಟ್ ಎತ್ತಿ ಮೇಡಂಗೆ ಬೆನ್ನು ತೋರಿಸಿದಳು. ಕೆಂಪಗೆ ಕಂದಿತ್ತು.

"ಬೇಕೂಂತ ಗುದ್ತಾಳೆ ಮೇಡಂ ಇವಳು."

"ಬೇಕೂಂತ ಗುದ್ದಿದ್ರೆ ನೀನು ಎದ್ದು ನಿಂತಿರ್ತಿರ್ಲಿಲ್ಲ," ಅಂದೆ.

ಅವಳು ನನ್ನ ಜಡೆಗೆ ಕೈ ಹಾಕಿದಳು. ನಾನು ಅವಳ ಕೊರಳಪಟ್ಟಿಗೆ. ಮೇಡಂ ಇಬ್ಬರ ಕಿವಿಯನ್ನೂ ಹಿಡಿದು ಎಳೆದು ಬಿಡಿಸಿದರು. ಅವತ್ತಿನಿಂದ ತರಬೇತಿ ಮುಗಿದ ಮೇಲೆ ಕೊಡುತ್ತಿದ್ದ ಬೇಯಿಸಿದ ಮೊಟ್ಟೆ, ಬಾಳೆಹಣ್ಣನ್ನು ಕಾಲೊನಿಯವರು ಮೆಟ್ಟಿಲಿನ ಆ ಕಡೆ, ನಾವು ಈ ಕಡೆ ಕೂತು ತಿನ್ನುತ್ತಿದ್ದೆವು. ಗಾಳಿ ನಮ್ಮ ಕಡೆಯಿಂದ ಬೀಸಿದರೆ ಕಾವ್ಯ ಮೂಗು ಮುಚ್ಚಿಕೊಳ್ಳುತ್ತಿದ್ದಳು. "ಸೊಪ್ಪಿನ ಗಾಡಿ ನಾತ" ಅನ್ನುತ್ತಿದ್ದಳು, ನಮಗೆ ಕೇಳಿಸುವಷ್ಟು ಜೋರಾಗಿ.

ಶೈಲಾ ಮೇಡಂಗೆ ನಮ್ಮ ಜಗಳದ ಬಗ್ಗೆ ಒಂದಿಷ್ಟೂ ಆಸಕ್ತಿ ಇರಲಿಲ್ಲ. ಕೆರೆ ಏರಿಯ ಮೇಲೆ ಲೂನಾ ಓಡಿಸಿಕೊಂಡು, ನಮ್ಮ ಪಕ್ಕಪಕ್ಕಕ್ಕೇ ಬರುತ್ತಾ ಕಿರುಚುವುದೇ ಅವರ ಪಾಠ.

"ಮಂಜುಳಾ! ಕೈಯಿಂದ ಎಳೀಬೇಡ! ಕೈ ಬರೀ ಹಗ್ಗ! ಮೊದಲು ಕಾಲು, ಆಮೇಲೆ ಬೆನ್ನು, ಕೊನೇಗೆ ಕೈ!"

ಒಂದು ದಿನ ಶೆಡ್ಡಿನಲ್ಲಿ ನನ್ನನ್ನು ನೆಲಕ್ಕೆ ಕೂರಿಸಿ ಸೊಂಟದ ಹತ್ತಿರ ಗಟ್ಟಿಯಾಗಿ ಅಂಗೈ ಒತ್ತಿ ಹಿಡಿದರು. "ಎಳೆಯೋವಾಗ ಎಷ್ಟು ಸಿಟ್ಟಿದ್ರೂ ತೋರ್ಸು, ನಂಗೇನಿಲ್ಲ. ಆದ್ರೆ ಮುಂದಕ್ಕೆ ಬರೋವಾಗ ಸಿಟ್ಟು ಇರ್ಬಾರ್ದು. ದೋಣಿ ಆ ಹೊತ್ತಲ್ಲೇ ಓಡೋದು. ನೀನು ದಬದಬ ಅಂತ ಬಂದ್ರೆ ಅದು ನಿಂತುಹೋಗುತ್ತೆ. ಅವಳ ಬೆನ್ನು ನೋಡ್ಕೊಂಡು ಬಾ."

"ಅವಳ ಮುಖ ಕಂಡ್ರೇ ಆಗಲ್ಲ ಮೇಡಂ."

"ಮುಖ ಯಾರು ನೋಡು ಅಂದ್ರು? ಬೆನ್ನು ಅಂದೆ."

ಮನೆಯಲ್ಲಿ ನಡುಮನೆಯ ಗಾರೆ ನೆಲದ ಮೇಲೆ ಗೋಣಿಚೀಲ ಹಾಕಿಕೊಂಡು ಕೂತು, ಒನಕೆ ಹಿಡಿದು ಹಿಂದೆ ಮುಂದೆ ಜಾರುತ್ತಿದ್ದೆ. ಲಕ್ಷ್ಮಿ ನನ್ನ ಮುಂದೆ ಕಾವ್ಯ ಆಗಿ ಕೂರುತ್ತಿದ್ದಳು. ಅಜ್ಜಿ ಅವರೆ ಬೇಳೆ ಹಿತಕುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿತ್ತು. "ಏನೇ ಇದು, ಎರಿಗೆ ನೋವು ಬಂದೋಳಂಗೆ ತಿಣುಕ್ತಿದ್ದೀಯಾ?"

ಮೇಡಂ ಇನ್ನೊಂದು ಅಭ್ಯಾಸ ಮಾಡಿಸುತ್ತಿದ್ದರು. ಇಬ್ಬರು ಹುಟ್ಟನ್ನು ನೀರಿನ ಮೇಲೆ ಚಪ್ಪಟೆಯಾಗಿಟ್ಟು ದೋಣಿ ಅಲುಗದಂತೆ ಹಿಡಿದಿರುವುದು, ಇನ್ನಿಬ್ಬರು ಮಾತ್ರ ಹಾಕುವುದು. ನನ್ನನ್ನು ಯಾವಾಗಲೂ ಕಾವ್ಯಳ ಜೊತೆಗೇ ಹಾಕುತ್ತಿದ್ದರು. ಹಾಗಾಗಿ ಅವಳ ಬೆನ್ನು ನನಗೆ ಬಾಯಿಪಾಠ ಆಯಿತು. ಕತ್ತಿನ ಕೆಳಗೆ ಒಂದು ಮಚ್ಚೆ. ಹುಟ್ಟು ನೀರಿಗೆ ಇಳಿಯುವ ಮೊದಲು ಬಲಭುಜ ಒಂದು ಎಳ್ಳಿನಷ್ಟು ಮೇಲೇಳುತ್ತಿತ್ತು. ಅದಕ್ಕೂ ಮೊದಲು ಉಸಿರು ಎಳೆದುಕೊಳ್ಳುವಾಗ ಪಕ್ಕೆಲುಬು ಅಗಲ ಆಗುತ್ತಿತ್ತು. ಆ ಉಸಿರಿಗೆ ನನ್ನ ಉಸಿರನ್ನು ಸೇರಿಸಿದ ದಿನ ನನ್ನ ಗೆಣ್ಣು ಅವಳಿಗೆ ತಾಗಲಿಲ್ಲ. ಆದರೂ ನಾಲ್ಕು ಹುಟ್ಟು ನೀರಿಗೆ ಬೀಳುವ ಸದ್ದು ಇನ್ನೂ ಬೇರೆಬೇರೆಯಾಗಿಯೇ ಕೇಳುತ್ತಿತ್ತು, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಕೆರೆಯಲ್ಲಿ ಮೀನೆಲ್ಲ ಸತ್ತು ತೇಲಿದವು. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ದಡದುದ್ದಕ್ಕೂ ಬಿದ್ದಿದ್ದವು. ನಾವು ಹೇಗೋ ಶೆಡ್ಡಿನ ಮುಂದೆ ದೋಣಿ ಇಳಿಸಿ ಕೂತಿದ್ದೆವು. ಅಷ್ಟರಲ್ಲಿ ಊರಿನವರು ಏರಿಯಿಂದ ಇಳಿದು ಬಂದರು, ಮುಂದೆ ದೊಡ್ಡಪ್ಪ. ಮೇಡಂ ಅಡ್ಡ ಹೋದರು. ಅವರ ಲೂನಾವನ್ನು ಯಾರೋ ತಳ್ಳಿ ಕೆಡವಿದರು.

"ಕೆರೆಗೆ ವಿಷ ಬಿಟ್ಟು, ಮ್ಯಾಲೆ ದೋಣಿ ಆಟ ಆಡ್ತೀರಾ?" ದೊಡ್ಡಪ್ಪ ಅಬ್ಬರಿಸಿದ. ಆಮೇಲೆ ನಮ್ಮ ಕಡೆ ನೋಡಿದ. "ಲಕ್ಷ್ಮೀ! ಮಂಜೀ! ಇಳೀರ್ರೇ ಮೊದ್ಲು!"

ಕಾವ್ಯ ಸುಮ್ಮನಿರುವವಳಲ್ಲ. "ನಿಮ್ಮ ಮೀನು ನಮ್ಮಪ್ಪ ಸಾಯ್ಸಿದ್ರಾ? ಹೋಗಿ ಕಾರ್ಖಾನೆ ಗೇಟಲ್ಲಿ ಕೇಳ್ರೀ!"

ಮೊದಲ ಕಲ್ಲು ಸಿಂಧುವಿನ ಪಕ್ಕ ನೀರಿಗೆ ಬಿತ್ತು. ನನ್ನ ಹಿಂದೆ ಕೂತಿದ್ದ ಲಕ್ಷ್ಮಿ ಅಳತೊಡಗಿದಳು. "ಇಳ್ಯೋಣ ಕಣೇ, ಅಪ್ಪ ಸಾಯಿಸ್ತದೆ."

"ಇಳ್ಯೋರು ಇಳೀರಿ," ಅಂದಳು ಕಾವ್ಯ, ತಿರುಗದೆ. "ನಾನಂತೂ ಇಳಿಯಲ್ಲ."

ನನಗೆ ಎಲ್ಲರ ಮೇಲೂ ಸಿಟ್ಟು ಉಕ್ಕಿತು. ಕಲ್ಲು ಎಸೆದವರ ಮೇಲೆ, ವಿಷ ಬಿಟ್ಟವರ ಮೇಲೆ, ಮುಂದೆ ಕೂತ ಈ ಸೊಕ್ಕಿನವಳ ಮೇಲೆ. ದೊಡ್ಡಪ್ಪನ ಮುಖ ನೋಡಿದರೆ ಇಳಿದುಬಿಡುತ್ತೇನೆ ಅನ್ನಿಸಿ, ಅವಳ ಕತ್ತಿನ ಮಚ್ಚೆ ನೋಡಿದೆ.

"ಹಾಕೇ," ಅಂದೆ.

ಅವಳ ಪಕ್ಕೆಲುಬು ಅಗಲವಾಯಿತು. ಭುಜ ಎದ್ದಿತು. ನಾಲ್ಕು ಹುಟ್ಟೂ ಒಟ್ಟಿಗೆ ನೀರಿಗೆ ಇಳಿದವು, ಒಂದೇ ಸದ್ದು. ಕಾಲು, ಬೆನ್ನು, ಕೈ. ಆಮೇಲೆ ಸಾವಕಾಶವಾಗಿ ಮುಂದಕ್ಕೆ. ಕೆಳಗೆ ದೋಣಿ ಓಡುವುದು ಆಸನದಲ್ಲೇ ಗೊತ್ತಾಗುತ್ತಿತ್ತು. ಹುಟ್ಟಿನ ಅಲಗಿಗೆ ಸತ್ತ ಮೀನು ಸಿಕ್ಕಿ ಮೇಲೆದ್ದು ಬೀಳುತ್ತಿದ್ದವು. ಬಿಟ್ಟುಬಂದ ದಡದಲ್ಲಿ ದೊಡ್ಡಪ್ಪ ನನ್ನನ್ನು ಬೈಯುತ್ತಿದ್ದದ್ದು ಕ್ರಮೇಣ ಸಣ್ಣಗಾಯಿತು. ಲಕ್ಷ್ಮಿ ಅಳುತ್ತಲೇ ಹಾಕುತ್ತಿದ್ದಳು, ಆದರೂ ಲಯ ತಪ್ಪಲಿಲ್ಲ.

ಎದುರಿನ ದಡ ಮುಟ್ಟಿದಾಗ ಸಿಂಧು ನಾತಕ್ಕೆ ವಾಂತಿ ಮಾಡಿಕೊಂಡಳು. ಕಾವ್ಯ ಏದುಸಿರು ಬಿಡುತ್ತಾ ಹೇಳಿದಳು, "ಕೊನೇಲಿ ನಿನ್ ಕೈ ಲೇಟು."

"ನಿನ್ ಬಾಯಿ ಬೇಗ," ಅಂದೆ.

ಆ ಸಂಜೆ ದೊಡ್ಡಪ್ಪ ಲಕ್ಷ್ಮಿಗೆ ಕೆನ್ನೆ ಊದುವಂತೆ ಹೊಡೆದ. ನನಗೆ ಕೈ ಎತ್ತಿದಾಗ ಅಪ್ಪ ಅಡ್ಡ ಬಂದ. ಅಣ್ಣತಮ್ಮಂದಿರು ಅಂಗಳದಲ್ಲೇ ಕೈಕೈ ಮಿಲಾಯಿಸಿದರು. ಮನೆಯಲ್ಲಿ ಒಲೆ ಎರಡಾಯಿತು. ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟ. ಲಕ್ಷ್ಮಿಯನ್ನು ಮಾತ್ರ ಅಜ್ಜಿ ಬೆಳಗಾಗುತ್ತಲೇ ಹಿತ್ತಿಲ ಬಾಗಿಲಿಂದ ನನ್ನ ಜೊತೆ ದೋಣಿಗೆ ಕಳಿಸುತ್ತಿತ್ತು. "ಏಟು ತಿಂದದ್ದಾಯ್ತಲ್ಲ, ಇನ್ನ ಮುಗಿಸ್ಕಂಡೇ ಬಾ."

ಪಂದ್ಯ ಸಿಟಿಯ ಕೆರೆಯೊಂದರಲ್ಲಿ. ಅರ್ಧ ದಾರಿಯವರೆಗೆ ಪಕ್ಕದ ದೋಣಿ ನಮಗಿಂತ ಮುಂದಿತ್ತು. ಕತ್ತು ತಿರುಗಿಸಿ ಅದನ್ನು ನೋಡಿದ್ದೇ ಕಾವ್ಯಳ ಲಯ ಕೆಟ್ಟಿತು. ಭುಜ ಬೇಗ ಬೇಗ ಏಳತೊಡಗಿತು, ಜಾರಿ ಬರುವುದು ಅವಸರವಾಯಿತು. ನನಗಿದ್ದ ರೋಗವೇ ಅವಳಿಗೂ ಹತ್ತಿತ್ತು. ದೋಣಿ ಕುಕ್ಕರಿಸುವುದು ತಳದಿಂದ ತಿಳಿಯುತ್ತಿತ್ತು.

"ಕಾವ್ಯಾ," ಅಂದೆ. ಅವಳ ಹೆಸರನ್ನು ಅಲ್ಲಿಯವರೆಗೆ ನಾನು ಕರೆದಿರಲೇ ಇಲ್ಲ. "ನಿಧಾನ ಬಾ."

ಕೆಟ್ಟದೊಂದು ಬೈಗುಳ ಬಂತು. ಆದರೆ ಮುಂದಿನ ಸಲ ಅವಳ ಬೆನ್ನು ನಿಧಾನವಾಗಿ ಬಂತು. ಅದರ ಮುಂದಿನದು ಇನ್ನೂ ನಿಧಾನ. ಒಂದೇ ಸದ್ದು ಮತ್ತೆ ಕೇಳಿಸಿತು. ದೋಣಿಯ ಮೂತಿಯಷ್ಟು ಅಂತರದಲ್ಲಿ ನಾವು ಗೆದ್ದೆವು.

ಲಕ್ಷ್ಮಿ, ಸಿಂಧು ತಬ್ಬಿಕೊಂಡು ಅತ್ತರು. ಕಾವ್ಯ ನನ್ನ ಕಡೆ ತಿರುಗಿ ಒಂದು ಗಳಿಗೆ ನೋಡಿ, ಮುಖ ಒರೆಸಿಕೊಂಡು ಇಳಿದುಹೋದಳು. ಮೇಡಂ ಬಂದು, "ಮೂರನೇ ಸೀಟು, ಇನ್ನೂ ಸ್ವಲ್ಪ ಅವಸರ ಇದೆ," ಅಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಾವ್ಯ ಮುಂದೆ ಕೂತಳು, ನಾನು ಹಿಂದೆ. ಬೇಸಿಗೆಯ ಕ್ಯಾಂಪಿನಲ್ಲಿ ಕೊನೆಗೆ ಉಳಿಸಿಕೊಂಡದ್ದು ಅವಳನ್ನೂ ಅಲ್ಲ, ನನ್ನನ್ನೂ ಅಲ್ಲ, ಲಕ್ಷ್ಮಿಯನ್ನು. ಇವತ್ತು ಅವಳು ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸದಲ್ಲಿದ್ದಾಳೆ. ಕಾವ್ಯಳ ಅಪ್ಪ ನಿವೃತ್ತಿಯಾಗಿ ಅವರು ಊರು ಬಿಟ್ಟರು. ನಾವು ಸ್ನೇಹಿತೆಯರಾಗಲಿಲ್ಲ. ಆದರೆ ಅವಳ ಉಸಿರನ್ನು ತಿಳಿದಷ್ಟು ಇನ್ಯಾರ ಉಸಿರನ್ನೂ ನಾನು ತಿಳಿದಿಲ್ಲ, ನನ್ನ ಗಂಡನದನ್ನೂ ಸೇರಿಸಿ.

ನಾವು ಕ್ಯಾಂಪಿನಿಂದ ಬಂದ ಮರುವರ್ಷವೇ ಕ್ಲಬ್ಬು ಮುಚ್ಚಿತು. ಕೆರೆಗೆ ನೊರೆ ಬಂತು. ಗಾಳಿ ಎದ್ದರೆ ಅದು ಹಾರಿ ಬಂದು ರಸ್ತೆಯ ಬೈಕುಗಳ ಮೇಲೆ ಕೂರುತ್ತಿತ್ತು. ಆ ನೀರು ಹಾಯಿಸಿದ ಸೊಪ್ಪನ್ನು ಯಾರೂ ಕೊಳ್ಳದಂತಾಯಿತು. ಈಗ ಕೊತ್ತಂಬರಿ ಮಡಿಯಿದ್ದಲ್ಲಿ ನಮ್ಮ ಬಾಡಿಗೆ ಮನೆಗಳು, ನಾಲ್ಕು ಅಂತಸ್ತು. ಅಲ್ಲಿರುವ ಹುಡುಗಿಯರಿಗೆ ಕಿಟಕಿಯಾಚೆ ಕಳೆ ತುಂಬಿಕೊಂಡು ಬಿದ್ದಿರುವುದು ಕೆರೆ ಅಂತ ಹೇಳಿದರೆ ಹೌದಾ ಆಂಟಿ ಅನ್ನುತ್ತಾರೆ.

ಹೋದ ವರ್ಷ ದೊಡ್ಡಪ್ಪ ಹಾಸಿಗೆ ಹಿಡಿದಾಗ ನಾನು ನೋಡಲು ಹೋದೆ. ಅಷ್ಟು ವರ್ಷ ನನ್ನ ಜೊತೆ ಮಾತಾಡದಿದ್ದವನು ಕಿಟಕಿಯಾಚೆ ಕೆರೆಯ ಕಡೆ ಮುಖ ಮಾಡಿದ. ಆಮೇಲೆ ಹೇಳಿದ:

"ಮಂಜೀ, ಅವತ್ತು ದೋಣಿ ಬಿಡೋಕಾದ್ರೂ ನೀರಿತ್ತು ಕಣವ್ವಾ."

ಕೆರೆಯ ನಾತ ಒಳಗೆ ಬರುತ್ತಿತ್ತು. ಎದ್ದು ಕಿಟಕಿ ಹಾಕಲು ಹೋದೆ. "ಬ್ಯಾಡ, ಇರ್ಲಿ ಬಿಡು," ಅಂದ.